ಪುಟ್ಟ ಮನೆಯೊಂದನ್ನು ಹೊಲಿದ ಸೂಜಿಯಕ್ಕ

ಬೆಳಕು ಹರಿಯುವ ಮುನ್ನವೇ ಕತ್ತರಿಯ ಸದ್ದು ಕೇಳಿಸುತ್ತದೆ. ಚರ್ಚಿನ ಹಿಂದಿನ ಓಣಿಯಲ್ಲಿ ಇನ್ನೂ ಒಂದು ಬಾಗಿಲೂ ತೆರೆದಿಲ್ಲ. ಮಹಡಿಯ ಕೋಣೆಯೊಂದರಲ್ಲಿ ಮಾತ್ರ ದೀಪವಿದೆ. ಉದ್ದನೆಯ ಮೇಜಿನ ಮೇಲೆ ಬಿಳಿ ರೇಷ್ಮೆಯ ಉಡುಗೆಯೊಂದು ಹರಡಿಕೊಂಡಿದೆ. ಅದರ ಬೆನ್ನಿನಲ್ಲಿ ಕುತ್ತಿಗೆಯಿಂದ ಅಂಚಿನವರೆಗೂ ಇಳಿದಿರುವ ಜರಿಯ ಶಿಲುಬೆ. ಮುಂದೆ ನಿಂತ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸಣ್ಣ ಕತ್ತರಿಯ ಮೊನೆಯನ್ನು ಆ ಜರಿಯ ಅಡಿಗೆ ತೂರಿಸುತ್ತಾರೆ. ಟಕ್. ಒಂದು ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಟಕ್. ಇನ್ನೊಂದು.

ಕಾಫಿ ಲೋಟ ಹಿಡಿದು ಬಂದ ಸೊಸೆ ಬಾಗಿಲಲ್ಲೇ ಕಲ್ಲಾಗುತ್ತಾಳೆ.

“ಅತ್ತೆ! ಏನ್ ಮಾಡ್ತಿದೀರ? ಮೊನ್ನೆ ತಾನೇ ಮುಗಿಸಿದ್ರಲ್ಲ ಅದನ್ನ?”

“ಮುಗಿಸಿದ್ದೆ. ಈಗ ಶುರು ಮಾಡ್ತಿದೀನಿ.”

“ಭಾನುವಾರ ಎಷ್ಟು ಹತ್ತಿರ ಇದೆ ಅಂತ ಗೊತ್ತಾ ನಿಮಗೆ?”

“ಗೊತ್ತು. ಅದಕ್ಕೇ ಬಾಯಿ ಮುಚ್ಕೊಂಡು ಆ ಕಡೆ ತುದಿ ಹಿಡ್ಕೋ.”

ಸೊಸೆ ಲೋಟ ಕೆಳಗಿಟ್ಟು ತುದಿ ಹಿಡಿಯುತ್ತಾಳೆ. ಇಬ್ಬರ ನಡುವೆ, ಒಂದಿಡೀ ಋತುವಿನ ಕೆಲಸ ಎಳೆ ಎಳೆಯಾಗಿ ಬಿಚ್ಚಿಕೊಂಡು ನೆಲಕ್ಕೆ ಬೀಳತೊಡಗುತ್ತದೆ.

ತನ್ನ ಕೈಯಾರೆ ಹೊಲಿದ ಜರಿಯನ್ನು ಯಾರಾದರೂ ಹೀಗೆ ಬಿಚ್ಚುತ್ತಾರೆಯೇ? ಅದೂ ಹೊಲಿಗೆಯೇ ಉಸಿರಾದವರು?

ಓಣಿಯವರೆಲ್ಲ ಇವರನ್ನು ಕರೆಯುವುದು ಸೂಜಿಯಕ್ಕ ಎಂದು. ಚರ್ಚಿನಲ್ಲಿ ಬಲಿಪೂಜೆಯ, ಅಂದರೆ ಮಾಸ್‌ನ ಹೊತ್ತಿನಲ್ಲಿ ಪಾದ್ರಿ ಗುರುಗಳು ಉಳಿದೆಲ್ಲ ಉಡುಗೆಗಳ ಮೇಲೆ ತಲೆಯಿಂದ ತೂರಿಸಿಕೊಳ್ಳುವ, ತೋಳಿಲ್ಲದ ಅಗಲವಾದ ನಿಲುವಂಗಿಯನ್ನು ನೀವು ನೋಡಿರಬಹುದು. ಕಾಲಕ್ಕೆ ತಕ್ಕಂತೆ ಅದು ಹಸಿರು, ನೇರಳೆ, ಕೆಂಪು ಅಥವಾ ಬಿಳಿ. ಚಾಸುಬಲ್ ಎಂಬುದು ಅದರ ಇಂಗ್ಲಿಷ್ ಹೆಸರು. ಅದನ್ನು ಹೊಲಿಯುವುದೇ ಸೂಜಿಯಕ್ಕನ ಕಸುಬು. ಚರ್ಚಿಗೆ ಹೋಗುವ ಸಾವಿರಾರು ಜನ ಇವರ ಕೆಲಸವನ್ನು ಹಬ್ಬಹಬ್ಬಕ್ಕೂ ನೋಡುತ್ತಾರೆ. ಇವರನ್ನು ನೋಡಿದವರು ಓಣಿಯವರು ಮಾತ್ರ.

ಮದುವೆಯಾಗಿ ಈ ಮನೆಯ ಮೆಟ್ಟಿಲು ಹತ್ತಿದಾಗ ಸೂಜಿಯಕ್ಕನಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಕಸುಬು ಅವರ ಅತ್ತೆಯದು. “ಬಂದ ಹೊಸದರಲ್ಲಿ ಬರೀ ಬಿಚ್ಚೋ ಕೆಲಸ ಕೊಟ್ರು,” ಎಂದು ನಗುತ್ತಾರೆ. “ಹಳೇ ಬಟ್ಟೆ ಬಿಚ್ಚು, ಜರಿ ಸುತ್ತಿಡು, ಮತ್ತೆ ಬಿಚ್ಚು. ಇದೇನು ಮದುವೆಯೋ ಜೈಲೋ ಅಂತ ಅಳ್ತಿದ್ದೆ. ಒಂದಿನ ನೋಡ್ತೀನಿ, ಯಾವ ಬಟ್ಟೆ ಯಾರು ಹೊಲಿದಿದಾರೆ ಅಂತ ಕಣ್ಣು ಮುಚ್ಕೊಂಡು ಹೇಳ್ತಿದೀನಿ!” ದಿನವಿಡೀ ಕೂತರೆ ಅಂಗೈಯಗಲದ ಜರಿ ಕೆಲಸವಾಗುತ್ತದೆ. ಬೆರಳ ತುದಿಗಳು ಮರದ ತೊಗಟೆಯಂತಾಗಿವೆ; ಸಂಜೆಗೆ ಕಣ್ಣು ಉರಿಯುತ್ತದೆ. ಯಂತ್ರದಲ್ಲಿ ಕಸೂತಿ ಹಾಕಿದ ಸಿದ್ಧ ಉಡುಪುಗಳು ಡಬ್ಬದಲ್ಲಿ ಬರತೊಡಗಿದ ಮೇಲೆ, ಒಂದು ಕಾಲಕ್ಕೆ ಮೂವರು ಹೆಂಗಸರಿಗೆ ಕೆಲಸ ಕೊಟ್ಟ ಈ ಕೋಣೆಯಲ್ಲಿ ಈಗ ಸೂಜಿಯಕ್ಕ, ಅವರ ಸೊಸೆ ಇಬ್ಬರೇ ಉಳಿದಿದ್ದಾರೆ.

ಬಸ್ಸು ಓಡಿಸಿ ನಿವೃತ್ತರಾದ ಸೂಜಿಯಕ್ಕನ ಯಜಮಾನರ ದೂರು ಬೇರೆಯದೇ. “ಫಾದರುಗಳಿಗೆಲ್ಲ ಜರಿ, ನನ್ನ ಶರ್ಟಿಗೆ ಗುಂಡೀನೇ ಇಲ್ಲ. ಹೋಗಿ ನಾನೂ ಸಂನ್ಯಾಸ ತಗೊಂಡ್ರೆ ಆದ್ರೂ ಒಂದು ಒಳ್ಳೆ ಬಟ್ಟೆ ಸಿಗತ್ತೇನೋ.”

“ಹೋಗಿ, ಯಾರು ಬೇಡ ಅಂದ್ರು?” ಎನ್ನುತ್ತಾರೆ ಸೂಜಿಯಕ್ಕ, ಸೂಜಿಯಿಂದ ಕಣ್ಣೆತ್ತದೆ.

ಅತ್ತೆ ಕಲಿಸಿಹೋದ ಪಾಠಗಳಲ್ಲಿ ಮುಖ್ಯವಾದದ್ದು ಒಂದು: ಪೂಜೆಯ ಬಟ್ಟೆ ನಿಲ್ಲಬೇಕು. ಮೇಲೆ ರೇಷ್ಮೆ, ನಡುವೆ ದಪ್ಪ ಕ್ಯಾನ್ವಾಸ್, ಒಳಗೆ ಅಸ್ತರು. ರೇಷ್ಮೆ ಮತ್ತು ಕ್ಯಾನ್ವಾಸನ್ನು ಜೋಡಿಸಿ, ಎರಡನ್ನೂ ಚುಚ್ಚಿಕೊಂಡು ಜರಿ ಹಾಕಬೇಕು. ಜರಿಯೆಲ್ಲ ಮುಗಿದ ಮೇಲೆ ಅಸ್ತರು ಕೂರಿಸಬೇಕು. ಹಾಗೆ ಮಾಡಿದರೆ ಕಸೂತಿ ಸುಕ್ಕುಗಟ್ಟದೆ ಗೋಡೆಯ ಚಿತ್ರದಂತೆ ನೆಟ್ಟಗೆ ಕಾಣುತ್ತದೆ. ಕೆಲಸ ಮುಗಿದಾಗ ಉಡುಗೆಯನ್ನು ಕೆಳ ಅಂಚು ಊರಿ ಮೇಜಿನ ಮೇಲೆ ನಿಲ್ಲಿಸಿ ಕೈ ಬಿಡುತ್ತಾರೆ. ಬೋರಲಿಟ್ಟ ಗಂಟೆಯ ಹಾಗೆ ಕ್ಷಣಹೊತ್ತು ತಾನಾಗಿ ನಿಂತರೆ ಪಾಸು. ಸೂಜಿಯಕ್ಕ ಹೊಲಿದದ್ದು ಬಿದ್ದ ಉದಾಹರಣೆಯಿಲ್ಲ. ಈ ಕಥೆಯ ಅಪಾಯವಿರುವುದೂ ಅಲ್ಲೇ.

ಚರ್ಚಿನ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಗುರುಗಳಿದ್ದಾರೆ. ಈ ಓಣಿಯ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟವರು, ಅದೇ ಮಕ್ಕಳು ಬೆಳೆದಾಗ ಮದುವೆ ಮಾಡಿಸಿದವರು. ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಎಡಗೈ ಮರಳಲಿಲ್ಲ. ಅಂದಿನಿಂದ ಗುರುಗಳು ಜನರ ಮುಂದೆ ಬಂದಿಲ್ಲ. ತಮ್ಮ ಕೋಣೆಯಲ್ಲೇ ಒಬ್ಬರೇ ಪೂಜೆ ಮುಗಿಸುತ್ತಾರೆ. ಈಗ ಅವರನ್ನು ವಯಸ್ಸಾದ ಗುರುಗಳ ದೂರದ ಆಶ್ರಮಕ್ಕೆ ಕಳುಹಿಸುವುದೆಂದು ತೀರ್ಮಾನವಾಗಿದೆ. ಹೋಗುವ ಮುನ್ನ ತಮ್ಮ ಜನರೊಂದಿಗೆ ಒಂದೇ ಒಂದು ಬಲಿಪೂಜೆ ಮಾಡಬೇಕೆಂಬುದು ಅವರ ಆಸೆ. ಭಾನುವಾರವೂ ನಿಗದಿಯಾಯಿತು. ಆದರೆ ಚರ್ಚಿನ ಕಪಾಟಿನಲ್ಲಿದ್ದ ಉಡುಗೆಗಳನ್ನು ಒಂದೊಂದಾಗಿ ತೊಟ್ಟು ಕನ್ನಡಿ ನೋಡಿಕೊಂಡ ಗುರುಗಳು ಮಂಚದ ಮೇಲೆ ಕೂತುಬಿಟ್ಟರು. ಪಕ್ಕಗಳು ತೆರೆದ, ಕಿರಿದಾದ ಆ ಉಡುಗೆಗಳಲ್ಲಿ ಜೋಲುವ ಕೈಯೇ ಮೊದಲು ಕಾಣುತ್ತಿತ್ತು.

ಗುರುಗಳು ಸೂಜಿಯಕ್ಕನನ್ನು ಕರೆಸಿ ಹೇಳಿದ್ದು ಇಷ್ಟೇ: “ಜನ ಪೂಜೆಗೆ ಬರ್ತಾರಮ್ಮ. ಬಂದು ನನ್ನ ಕೈ ನೋಡ್ಕೊಂಡು ಅಯ್ಯೋ ಪಾಪ ಅಂತ ಮನೆಗೆ ಹೋಗ್ತಾರೆ. ಅದಕ್ಕಿಂತ ನಾನು ಸದ್ದಿಲ್ಲದೆ ಹೊರಟುಹೋಗೋದೇ ವಾಸಿ.”

“ಹಾಗನ್ಬೇಡಿ ಫಾದರ್. ಅಗಲವಾಗಿ ಒಂದು ಹೊಲಿದುಕೊಡ್ತೀನಿ.”

ಗುರುಗಳ ಮುಖದಲ್ಲಿ ಎಂದಿನ ತುಂಟತನ ಇಣುಕಿತು. “ಅಗಲ ಅಂದ್ರೆ ಎಷ್ಟು ಅಗಲ? ಈ ಬಟ್ಟೆಗೆ ಹೆಸರು ಎಲ್ಲಿಂದ ಬಂತು, ಗೊತ್ತಾ ನಿನಗೆ?”

“ಇಂಗ್ಲಿಷಿಂದ.”

“ಅದಕ್ಕೂ ಹಿಂದೆ?”

“ಅದಕ್ಕೂ ಹಿಂದೆ ನಮ್ಮತ್ತೆಯಿಂದ.”

ಲಕ್ವ ಹೊಡೆದ ಮೇಲೆ ಗುರುಗಳು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲಂತೆ.

ನಕ್ಕು ಮುಗಿಸಿ ಅವರು ಹೇಳಿದ ಸಂಗತಿ ಮಾತ್ರ ಸೂಜಿಯಕ್ಕನನ್ನು ಕುರ್ಚಿಯಿಂದ ಏಳಗೊಡಲಿಲ್ಲ. ಚಾಸುಬಲ್ ಎಂಬ ಮಾತು ಫ್ರೆಂಚಿನ ಹಾದಿಯಾಗಿ ಇಂಗ್ಲಿಷಿಗೆ ಬಂದದ್ದು. ಅದರ ಬೇರು ಲ್ಯಾಟಿನ್ನಿನ ‘ಕಾಸುಲಾ’. ಕಾಸಾ ಎಂದರೆ ಮನೆ, ಗುಡಿಸಲು. ಕಾಸುಲಾ ಎಂದರೆ ಪುಟ್ಟ ಮನೆ. ತೊಟ್ಟವನನ್ನು ತಲೆಯಿಂದ ಕಾಲಿನವರೆಗೆ ಗುಡಿಸಲಿನಂತೆ ಮುಚ್ಚಿಕೊಳ್ಳುವುದರಿಂದ ಅದಕ್ಕೆ ಆ ಹೆಸರೆಂದು ಹಳೆಯ ಪಂಡಿತರು ಬರೆದಿಟ್ಟಿದ್ದಾರೆ. ಇನ್ನೂ ದೊಡ್ಡ ಬೆರಗು ಮುಂದಿದೆ. ಮೊದಲಿಗೆ ಅದು ಪೂಜೆಯ ಬಟ್ಟೆಯೇ ಅಲ್ಲ! ಹೊಲದಲ್ಲಿ ದುಡಿಯುವವರು, ದಾರಿ ನಡೆಯುವವರು ಮಳೆಗೆ, ಚಳಿಗೆ ಹೊದ್ದುಕೊಳ್ಳುತ್ತಿದ್ದ ಕೊಪ್ಪೆಯಂಥದ್ದು. ಅರ್ಧಚಂದ್ರದ ಆಕಾರದ ಒಂದೇ ಬಟ್ಟೆ, ಮುಂದುಗಡೆ ಒಂದು ಹೊಲಿಗೆ, ತಲೆಗೊಂದು ಕಿಂಡಿ. ಕಾಲ ಕಳೆದಂತೆ ಲೋಕ ಬೇರೆ ಬಟ್ಟೆ ತೊಟ್ಟುಕೊಂಡು ಮುಂದೆ ಹೋಯಿತು. ಬಲಿಪೀಠದ ಮುಂದೆ ನಿಂತವನು ಮಾತ್ರ ದುಡಿಯುವವನ ಆ ಹೊದಿಕೆಯನ್ನು ಬಿಡಲಿಲ್ಲ.

ಬಿಡಲಿಲ್ಲ, ಆದರೆ ಹಾಗೇ ಇಡಲೂ ಇಲ್ಲ. ಭಕ್ತಿ ಹೆಚ್ಚಿದಂತೆ ಬಂಗಾರ ಹೆಚ್ಚಿತು. ಹೊದಿಕೆ ಭಾರವಾಯಿತು. ಕೈಯೆತ್ತಲು ಕಷ್ಟವಾಗಿ, ಅಕ್ಕಪಕ್ಕ ನಿಂತವರು ಬಟ್ಟೆಯ ಮಡಿಕೆಗಳನ್ನು ಎತ್ತಿ ಹಿಡಿಯಬೇಕಾಯಿತು. ಅದೂ ಸಾಲದೆ ಪಕ್ಕಗಳಿಗೆ ಕತ್ತರಿ ಬಿತ್ತು. ಶತಮಾನದಿಂದ ಶತಮಾನಕ್ಕೆ ಕತ್ತರಿ ಒಳಸರಿಯುತ್ತ ಹೋಗಿ, ಕೊನೆಗೆ ಎಷ್ಟೋ ಕಡೆ ಪುಟ್ಟ ಮನೆಯಲ್ಲಿ ಉಳಿದದ್ದು ಮುಂದೊಂದು ಹಲಗೆ, ಹಿಂದೊಂದು ಹಲಗೆ. ಹೆಸರು ಮಾತ್ರ ಇಡೀ ಮನೆಯದು.

ಸೂಜಿಯಕ್ಕ ಆ ಗಳಿಗೆಯನ್ನು ನೆನೆಯುವಾಗ ಈಗಲೂ ಧ್ವನಿ ತಗ್ಗಿಸುತ್ತಾರೆ. “ಇಷ್ಟು ವರ್ಷ ಕೈಯಲ್ಲಿ ಹಿಡಿದಿದ್ದು ಏನು ಅಂತ ಆವತ್ತು ಗೊತ್ತಾಯ್ತು. ಕೂಲಿಯವರ ಬಟ್ಟೆನಾ ಫಾದರ್ ಅಂತ ಮತ್ತೆ ಮತ್ತೆ ಕೇಳಿದೆ. ಹೌದಮ್ಮ, ನಿನ್ನ ನನ್ನಂಥವರದ್ದೇ ಅಂದ್ರು. ನನಗೆ ಮೈ ಜುಮ್ ಅಂತು. ಆಮೇಲೆ ಅವರೇ ಕೇಳಿದ್ರು, ನನಗೊಂದು ಪುಟ್ಟ ಮನೆ ಹೊಲಿದುಕೊಡ್ತೀಯಾ ಅಂತ.”

ಹೊಲಿದರು. ಹಳೆಯ ಅಳತೆಯಲ್ಲಿ, ಪೂರ್ತಿ ಅರ್ಧಚಂದ್ರ, ಮಣಿಕಟ್ಟು ಮುಚ್ಚುವಷ್ಟು ಅಗಲ. ಆದರೆ ಕೈಗೆ ತನ್ನದೇ ಅಭ್ಯಾಸವಿರುತ್ತದೆ. ರೇಷ್ಮೆಯ ಕೆಳಗೆ ಕ್ಯಾನ್ವಾಸ್ ಬಂತು. ಇಷ್ಟು ದೊಡ್ಡ ಕೆಲಸಕ್ಕೆ ತಕ್ಕಂತೆ ಜರಿಯ ಶಿಲುಬೆ ದೊಡ್ಡದಾಯಿತು. ಎಲ್ಲದರ ಒಳಗೆ, ಗುರುಗಳ ಮೈಗೆ ತಾಗುವ ಬಟ್ಟೆಯೆಂದು, ಪೇಟೆಯಲ್ಲಿ ಸಿಕ್ಕ ಅತ್ಯಂತ ಮೆತ್ತನೆಯ ಉಣ್ಣೆಯ ಅಸ್ತರು ಕೂತಿತು. ಮೇಜಿನ ಮೇಲೆ ನಿಲ್ಲಿಸಿದರೆ ಕ್ಷಣಹೊತ್ತಲ್ಲ, ಊಟ ಮುಗಿಸಿ ಬರುವವರೆಗೂ ನಿಂತೇ ಇತ್ತು!

ತೊಡಿಸಿ ನೋಡಿದ್ದು ಈ ಮುಂಜಾನೆಯ ಹಿಂದಿನ ದಿನ. ಗುರುಗಳು ಕುರ್ಚಿಯಲ್ಲಿ ಕೂತರು, ಉಡುಗೆ ತಲೆಯಿಂದ ಇಳಿಯಿತು, ಎಡಗೈ ಮಾಯವಾಯಿತು. ಎಲ್ಲರ ಮುಖ ಅರಳಿತು.

“ಈಗ ಕೈ ಎತ್ತಿ ಫಾದರ್,” ಎಂದರು ಸೂಜಿಯಕ್ಕ.

ಗುರುಗಳು ಬಲಗೈ ಎತ್ತಿದರು. ಅದು ಎದೆಯವರೆಗೆ ಬಂತು, ನಡುಗಿತು, ಬಟ್ಟೆಯ ಭಾರಕ್ಕೆ ಸೋತು ತೊಡೆಯ ಮೇಲೆ ಬಿತ್ತು. ಮತ್ತೆ ಎತ್ತಿದರು. ಮತ್ತೆ ಬಿತ್ತು. ಗಟ್ಟಿಯಿದ್ದ ಕೈಯೂ ಆಗ ಸೋತ ಕೈಯಾಗಿತ್ತು.

“ಮನೆ ಕೇಳಿದ್ದೆ, ಕೋಟೆ ಕಟ್ಟಿಬಿಟ್ಟಿದೀಯಲ್ಲಮ್ಮ,” ಎಂದು ಗುರುಗಳು ನಗಲು ನೋಡಿದರು. ಆಮೇಲೆ ನಗದೆ ಹೇಳಿದರು: “ನಿನ್ನ ತಪ್ಪೇನೂ ಇಲ್ಲ. ಭಾನುವಾರದ ಪೂಜೆ ಬೇರೆಯವರು ಮಾಡಲಿ. ನಾನು ಇಲ್ಲಿಂದಲೇ ಕೇಳಿಸ್ಕೊತೀನಿ.”

ನೂರಾರು ವರ್ಷ ಎಷ್ಟೋ ಕೈಗಳು ಸೇರಿ ಮಾಡಿದ ತಪ್ಪನ್ನು ಸೂಜಿಯಕ್ಕ ಒಬ್ಬರೇ ಒಂದು ಋತುವಿನಲ್ಲಿ ಮಾಡಿ ಮುಗಿಸಿದ್ದರು. ಈ ಮುಂಜಾನೆ ಕತ್ತರಿ ಆಡುತ್ತಿರುವುದು ಅದಕ್ಕೇ.

ಬಿಸಿಲು ಕಿಟಕಿಯೊಳಗೆ ಬರುವ ಹೊತ್ತಿಗೆ ಶಿಲುಬೆ ಕಳಚಿ ಬರುತ್ತದೆ. ಅಸ್ತರು ಬೇರೆಯಾಗುತ್ತದೆ. ಕ್ಯಾನ್ವಾಸ್ ಸುರುಳಿಯಾಗಿ ಮೂಲೆಗೆ ಹೋಗುತ್ತದೆ. ಉಳಿದ ರೇಷ್ಮೆಯನ್ನು ಸೂಜಿಯಕ್ಕ ಬೆಳಕಿಗೆ ಹಿಡಿಯುತ್ತಾರೆ. ಜರಿ ಇದ್ದಲ್ಲೆಲ್ಲ ತೂತು; ಬಟ್ಟೆ ಜರಡಿಯಾಗಿದೆ. ಹೊಸ ರೇಷ್ಮೆ ತರಿಸುವುದಕ್ಕೆ ಭಾನುವಾರ ಕಾಯುವುದಿಲ್ಲ.

ಅವರು ಸ್ಟೂಲಿನ ಮೇಲೆ ಕೂರುತ್ತಾರೆ. ಚಳಿಗೆ ನಡುಗುತ್ತಿದ್ದ ಸೊಸೆ, ಬಿಚ್ಚಿಟ್ಟ ಅಸ್ತರನ್ನು ಹೆಗಲ ಮೇಲೆ ಎಳೆದುಕೊಂಡು, ಆರಿದ ಕಾಫಿಯನ್ನು ಮತ್ತೆ ಕಾಯಿಸಲು ಮೂಲೆಯ ಒಲೆಯತ್ತ ನಡೆಯುತ್ತಾಳೆ. ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬಿ ತೆಗೆಯಲು ಕೈ ಚಾಚುತ್ತಾಳೆ. ಉಣ್ಣೆಯ ಬಟ್ಟೆ ಅವಳ ಕೈಯ ಜೊತೆಗೇ ಮೇಲೇರಿ, ಮೊಣಕೈಯಲ್ಲಿ ಮಡಿಕೆ ಮಡಿಕೆಯಾಗಿ ಕೂರುತ್ತದೆ. ನೀರು ಇಳಿದ ಹಾಗೆ ಮಿಕ್ಕದ್ದು ಕೆಳಗೆ ಇಳಿಯುತ್ತದೆ.

“ಅಲ್ಲೇ ನಿಂತ್ಕೋ! ಕೈ ಇಳಿಸ್ಬೇಡ!”

“ಡಬ್ಬಿ ಭಾರ ಇದೆ ಅತ್ತೆ!”

“ಬೀಳಲಿ ಡಬ್ಬಿ! ಇನ್ನೊಂದು ಕೈನೂ ಎತ್ತು.”

ಸೊಸೆ ಎರಡೂ ಕೈ ಎತ್ತಿ ನಿಲ್ಲುತ್ತಾಳೆ. ಸೂಜಿಯಕ್ಕ ಅವಳ ಸುತ್ತ ಒಂದು ಸುತ್ತು ಬರುತ್ತಾರೆ. ಅಸ್ತರಿಗೆ ಜರಿ ತಾಗಿಲ್ಲ. ಹಾಗಾಗಿ ಒಂದು ತೂತೂ ಇಲ್ಲ. ಅರ್ಧಚಂದ್ರದ ಆಕಾರದಲ್ಲಿ ಆಗಲೇ ಕತ್ತರಿಸಿಯಾಗಿದೆ. ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಒಳಗೆ ಹಾಕಿದ ಬಟ್ಟೆ ಅದು. ಆಕಳಿನ ಹಾಲಿನ ಬಣ್ಣ, ಹೊಳಪಿಲ್ಲ, ಭಾರವಿಲ್ಲ.

“ಇದೇ,” ಎನ್ನುತ್ತಾರೆ. ಅಷ್ಟೇ.

“ಅಸ್ತರನ್ನ ಹಾಕಿ ನಿಲ್ಲಿಸ್ತೀರಾ ಫಾದರನ್ನ? ಜನ ಏನಂತಾರೆ ಅತ್ತೆ? ಸೂಜಿಯಕ್ಕನಿಗೆ ಅರಳುಮರಳು ಅಂತಾರೆ.”

“ಅನ್ಲಿ. ಕೈ ಮೇಲೇಳತ್ತಲ್ಲ.”

ಬಲಗೈಯ ಪ್ರಶ್ನೆ ಬಗೆಹರಿಯಿತು, ಎಡಗೈಯದು? ಉಪಾಯ ಸೊಸೆಯದು. ಮಗ ಹಸುಳೆಯಾಗಿದ್ದಾಗ ಹೆಗಲಿಗೆ ಬಟ್ಟೆಯ ಜೋಳಿಗೆ ಕಟ್ಟಿ, ಅವನನ್ನು ಅದರಲ್ಲಿ ಮಲಗಿಸಿಕೊಂಡೇ ಇವಳು ಹೊಲಿಗೆ ಯಂತ್ರ ತುಳಿದವಳು. “ಒಳಗಡೆ ಹೆಗಲ ಹತ್ತಿರ ಹಂಗೇ ಒಂದು ಜೋಳಿಗೆ ಕೊಟ್ರೆ? ಕೈ ಅದರಲ್ಲಿ ಮಲಗಿರತ್ತೆ.” ಗುರುಗಳಿಗೆ ಮತ್ತೆ ಆಯಾಸ ಕೊಡಬಾರದೆಂದು ಯಜಮಾನರನ್ನೇ ಹಿಡಿದು ನಿಲ್ಲಿಸಲಾಗುತ್ತದೆ. ಎಡಗೈ ಜೋಳಿಗೆಯಲ್ಲಿಟ್ಟು, ಬಲಗೈ ಎತ್ತಿ, ಅವರು ಕೋಣೆಯ ತುಂಬ ಗಂಭೀರವಾಗಿ ನಡೆಯುತ್ತಾರೆ.

“ಮಕ್ಕಳೇ, ನಿಮಗೆ ಶಾಂತಿಯಿರಲಿ. ನನ್ನ ಶರ್ಟಿಗೆ ಗುಂಡಿಯಿರಲಿ.”

“ಮೆರೀಬೇಡಿ, ಗುಂಡುಸೂಜಿ ಇದೆ, ಚುಚ್ಚತ್ತೆ,” ಎನ್ನುತ್ತಾರೆ ಸೂಜಿಯಕ್ಕ, ಬಾಯಲ್ಲಿ ಇನ್ನೆರಡು ಗುಂಡುಸೂಜಿ ಕಚ್ಚಿಕೊಂಡೇ. ಹೊಲಿಗೆ ಮುಗಿದ ಮೇಲೆ, ಅಭ್ಯಾಸಬಲದಿಂದ, ಉಡುಗೆಯನ್ನು ಮೇಜಿನ ಮೇಲೆ ನಿಲ್ಲಿಸಿ ಕೈ ಬಿಡುತ್ತಾರೆ. ಅದು ಕುಸಿದು ಗುಪ್ಪೆಯಾಗುತ್ತದೆ. ಅತ್ತೆ ಇದ್ದಿದ್ದರೆ ನಾಪಾಸು ಮಾಡುತ್ತಿದ್ದರು. ಸೂಜಿಯಕ್ಕ ಆ ಗುಪ್ಪೆಯ ಮೇಲೆ ಅಂಗೈಯಾಡಿಸುತ್ತಾರೆ.

ಶನಿವಾರ ಯಜಮಾನರು ಹೋಗಿ ಗುರುಗಳಿಗೆ ಹೇಳಿಬಂದದ್ದು ಒಂದೇ ಮಾತು: “ಬೆಳಿಗ್ಗೆ ತೊಟ್ಟು ನೋಡಿ. ಕೈ ಏಳದಿದ್ರೆ ಬಾಗಿಲು ಹಾಕ್ಕೊಳಿ, ನಾವು ಕೇಳಲ್ಲ.”

ಭಾನುವಾರ. ಹೊರಗಿನ ಮೆಟ್ಟಿಲವರೆಗೂ ಜನ. ಗುರುಗಳು ಬರುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಹಿಂದಿನ ಕಂಬದ ಮರೆಯಲ್ಲಿ ನಿಂತ ಸೂಜಿಯಕ್ಕ ಸೊಸೆಯ ಬೆರಳುಗಳನ್ನು ಹಿಡಿದು ನುಲಿಯುತ್ತಿದ್ದಾರೆ.

“ಅತ್ತೆ, ಅದು ನನ್ನ ಕೈ. ದಾರ ಅಲ್ಲ.”

ಪಕ್ಕದ ಬಾಗಿಲು ತೆರೆಯುತ್ತದೆ. ಗುರುಗಳು ನಿಧಾನವಾಗಿ ನಡೆದು ಬರುತ್ತಾರೆ. ಜರಿಯಿಲ್ಲ, ಹೊಳಪಿಲ್ಲ, ಕುತ್ತಿಗೆಯಿಂದ ಮೊಣಕಾಲಿನ ಕೆಳಗಿನವರೆಗೂ ಹಾಲುಬಣ್ಣದ ಬಟ್ಟೆಯೊಂದೇ. ಹಿಂದಿನ ಬೆಂಚಿನಲ್ಲಿ ಯಾರೋ “ಇಷ್ಟು ಸಾದಾನಾ?” ಎಂದು ಪಿಸುಗುಟ್ಟುತ್ತಾರೆ. ಸೂಜಿಯಕ್ಕನ ಕಿವಿ ಕೆಂಪಾಗುತ್ತದೆ.

ಗುರುಗಳು ಬಲಿಪೀಠದ ಮುಂದೆ ನಿಂತು ಕೈ ತೆರೆಯುತ್ತಾರೆ.

ಬಟ್ಟೆ ಏಳುತ್ತದೆ. ಬಲಗೈಯ ಮೇಲೆ ಮಡಿಕೆಯ ಮೇಲೆ ಮಡಿಕೆ ಕೂರುತ್ತದೆ. ಎಡಗಡೆ, ಎದೆಯ ಮಟ್ಟದಲ್ಲಿ, ಜೋಳಿಗೆಯಲ್ಲಿ ಮಲಗಿದ ಇನ್ನೊಂದು ಅಂಗೈ ಮಡಿಕೆಯ ಕೆಳಗಿನಿಂದ ಮೆಲ್ಲಗೆ ಹೊರಗೆ ಕಾಣುತ್ತದೆ. ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು. ಆದರೆ ಆ ತಗ್ಗು ಸೋಲಿನಂತೆ ಕಾಣುವುದಿಲ್ಲ. ಮನೆಯ ಮಾಡಿನ ಇಳಿಜಾರಿನಂತೆ ಕಾಣುತ್ತದೆ. ಎಂದೋ ಯಾವುದೋ ಹೊಲದ ಬದುವಿನಲ್ಲಿ, ಮಳೆಯಲ್ಲಿ, ಹೆಸರಿಲ್ಲದ ಒಬ್ಬ ಕೂಲಿ ಹೊದ್ದು ನಿಂತಿದ್ದ ಅದೇ ಆಕಾರ ಈಗ ಇಲ್ಲಿ ಮೇಣದ ಬತ್ತಿಗಳ ನಡುವೆ ನಿಂತಿದೆ. ಪಿಸುಮಾತು ನಿಲ್ಲುತ್ತದೆ. ಪೂಜೆಯ ರೊಟ್ಟಿಯನ್ನು ಮೇಲೆತ್ತುವ ಗಳಿಗೆಯಲ್ಲಿ ಬಲಗೈ ನೇರವಾಗಿ, ನಡುಗದೆ, ತಲೆಯ ಮೇಲಕ್ಕೆ ಹೋಗುತ್ತದೆ. ಎಲ್ಲರ ಕಣ್ಣು ಬೆರಳ ತುದಿಯಲ್ಲಿದೆ. ಎಡಗೈಯನ್ನು ನೋಡುತ್ತಿರುವವರು ಇಡೀ ಚರ್ಚಿನಲ್ಲಿ ಒಬ್ಬರೇ, ಕಂಬದ ಮರೆಯಲ್ಲಿ. ಅವರೂ ಈಗ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಪೂಜೆ ಮುಗಿದು, ಜನರೆಲ್ಲ ಕೈಹಿಡಿದು ಮಾತಾಡಿಸಿ ಹೋದ ಮೇಲೆ, ಹಿಂಬದಿಯ ಕೋಣೆಯಲ್ಲಿ ಸೂಜಿಯಕ್ಕ ಉಡುಗೆಯನ್ನು ಗುರುಗಳ ತಲೆಯಿಂದ ಬಿಡಿಸುತ್ತಾರೆ. ಗುರುಗಳು ಅದರ ಅಂಚನ್ನು ಬಿಡುವುದಿಲ್ಲ.

“ಇದನ್ನ ನನ್ನ ಜೊತೆ ಕಳಿಸ್ತಾರಂತೆ. ಕೊನೆಗೆ ಪೆಟ್ಟಿಗೆಯಲ್ಲಿ ಮಲಗಿಸೋವಾಗಲೂ ಇದೇ ಇರಲಿ ಅಂತ ಹೇಳಿಟ್ಟಿದೀನಿ.”

ಸೂಜಿಯಕ್ಕ ಬಟ್ಟೆಯನ್ನು ಮಡಿಸುತ್ತಾರೆ. ಒಳಗಿನ ಜೋಳಿಗೆಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಒಮ್ಮೆ ಎಳೆದು ನೋಡುತ್ತಾರೆ. ಗಟ್ಟಿಯಾಗಿದೆ.

“ಅದೆಲ್ಲ ಬೇಡ ಫಾದರ್. ನಾನು ಹೊಲಿದಿದ್ದೆಲ್ಲ ಕಪಾಟಲ್ಲೇ ಇರತ್ತೆ, ದೊಡ್ಡ ದಿನಕ್ಕೆ ಅಂತ. ಹುಳ ತಿನ್ನತ್ತೆ, ಇಲ್ಲ ಬೂಷ್ಟು ಹಿಡಿಯತ್ತೆ. ಉಟ್ಟು ಉಟ್ಟು ಹರಿದಿದ್ದು ಒಂದೂ ನೋಡಿಲ್ಲ ನಾನು. ಇದನ್ನ ದಿನಾ ಹಾಕ್ಕೊಳಿ. ಹರೀಲಿ. ಹರಿದ ಮೇಲೆ ಕಳಿಸಿ, ತೇಪೆ ಹಾಕಿಕೊಡ್ತೀನಿ.”